ಕಲ್ಲು ಆಮೇಲೆ, ಮೊದಲು ಪೆಟ್ಟಿಗೆ ನೋಡಿ

ಮನೆ ರಿಪೇರಿ: ನೀವು ಕೇಳಿದ್ದು, ಆಚಾರ್ರು ಹೇಳಿದ್ದು

ಪ್ರಶ್ನೆ: ಆಚಾರ್ರಿಗೆ ನಮಸ್ಕಾರ. ಕಾಪುವಿನಲ್ಲಿ ನಮ್ಮದು ಕೆಂಪುಕಲ್ಲಿನ ಗೋಡೆಯ ಹಳೆ ಮನೆ. ಒಂಬತ್ತು ವರ್ಷದ ಹಿಂದೆ ಬಚ್ಚಲಲ್ಲಿ ವಾಶ್ ಬೇಸಿನ್ ಕೆಳಗೆ ಪ್ಲೈವುಡ್ ಕಪಾಟು ಮಾಡಿಸಿದ್ದೆವು. ಅಗಲ 36 ಇಂಚು, ಒಳಕ್ಕೆ 20 ಇಂಚು, ಎತ್ತರ 31 ಇಂಚು. ಎಡಬದಿ ಗೋಡೆಗೆ ತಾಗಿದೆ, ಬಲಬದಿ ಖಾಲಿ. ಮೇಲೆ ಬೇಸಿನ್ನೂ ಟಾಪೂ ಒಂದೇ ತುಂಡಾಗಿ ಬರುವ ಬಿಳಿ ಪಿಂಗಾಣಿ ಇತ್ತು. ಹೋದ ತಿಂಗಳು ತಾಮ್ರದ ಚೊಂಬು ಬಿದ್ದು ಸೀಳಿತು. ಕಪಾಟು ಚೆನ್ನಾಗಿಯೇ ಉಂಟು, ಎಡಗಡೆ ಬುಡ ಮಾತ್ರ ಸ್ವಲ್ಪ ಉಬ್ಬಿದೆ. ಈಗ ಕಪ್ಪು ಗ್ರಾನೈಟ್ ಹಾಕಿಸಿ, ಮೇಲೆ ಬೌಲ್ ಬೇಸಿನ್ ಇಡುವ ಆಸೆ. ಮೇಸ್ತ್ರಿ "ಕಪಾಟು ಒಡೆಯಿರಿ, ಕಲ್ಲಲ್ಲೇ ಕಟ್ಟುವ" ಅನ್ನುತ್ತಾರೆ. ಗ್ರಾನೈಟ್ ಅಂಗಡಿಯವರು "ಅಳತೆ ಹೇಳಿ, ಸಿಮೆಂಟ್ ಹಾಕಿ ಕೂರಿಸಿದರಾಯ್ತು" ಅನ್ನುತ್ತಾರೆ. ಯಾರ ಮಾತು ಕೇಳುವುದು? ಮನೆಯಲ್ಲಿ ನಾನು, ಇಬ್ಬರು ಮಕ್ಕಳು, 76 ವರ್ಷದ ಅತ್ತೆ. ಮನೆಯವರು ದುಬೈಯಲ್ಲಿ.
– ಒಬ್ಬ ಟೀಚರ್, ಕಾಪು

ಉತ್ತರ: ಇಬ್ಬರ ಮಾತೂ ಬೇಡ ಟೀಚರೇ. ಒಂಬತ್ತು ಮಳೆಗಾಲ ನೋಡಿಯೂ ಚೆನ್ನಾಗಿಯೇ ಉಂಟು ಅಂದರೆ ಆ ಕಪಾಟು ಮಾಡಿದವನು ಒಳ್ಳೆಯ ಪ್ಲೈವುಡ್ಡನ್ನೇ ಹಾಕಿದ್ದಾನೆ. ಅದನ್ನು ಒಡೆಯುವುದು ಪಾಪ. ಇನ್ನು ಸಿಮೆಂಟಿನ ಮಾತು. ಮರದ ಮೇಲೆ ಸಿಮೆಂಟ್ ಹಾಕಿ ಕಲ್ಲು ಕೂರಿಸಿದರೆ ಮರ ಉಬ್ಬಿ ಕುಗ್ಗುವಾಗ ಸಿಮೆಂಟ್ ಬಿರುಕು ಬಿಡುತ್ತದೆ. ಬಿರುಕಿನಿಂದ ಇಳಿದ ನೀರನ್ನು ಪ್ಲೈ ಕುಡಿಯುತ್ತದೆ. ಮುಂದೊಂದು ದಿನ ಪೈಪ್ ರಿಪೇರಿಗೆ ಕಲ್ಲು ಎತ್ತಬೇಕಾಗಿ ಬಂದರೆ ಕಲ್ಲೂ ಹೋಯ್ತು, ಕಪಾಟೂ ಹೋಯ್ತು.

ನಲವತ್ತು ವರ್ಷ ಉಡುಪಿಯ ಆಚೀಚೆ ಮರದ ಕೆಲಸ ಮಾಡಿದವನು ನಾನು. ಎಲ್ಲರೂ ಮೊದಲು ಕಲ್ಲಿನ ಬಣ್ಣ ನೋಡಲು ಹೋಗುತ್ತಾರೆ. ನೀವು ಅಂಗಡಿಗೆ ಹೋಗುವ ಮೊದಲು ಒಂದು ಟಾರ್ಚು, ಒಂದು ಸ್ಕ್ರೂಡ್ರೈವರ್ ಹಿಡಿದು ಬಚ್ಚಲಲ್ಲಿ ನೆಲಕ್ಕೆ ಕೂತುಕೊಳ್ಳಿ.

"ಬುಡ ಸ್ವಲ್ಪ ಉಬ್ಬಿದೆ" ಎಂದು ಒಂದೇ ಸಾಲಲ್ಲಿ ಬರೆದು ಮುಗಿಸಿದ್ದೀರಿ. ನನಗೆ ನಿಮ್ಮ ಪತ್ರದಲ್ಲಿ ಕಂಡದ್ದೇ ಆ ಸಾಲು. ನಮ್ಮ ಊರಲ್ಲಿ ಬಚ್ಚಲು ಒರೆಸುವ ಕ್ರಮ ಇಲ್ಲ. ಬಕೆಟ್ ನೀರು ಸುರಿದು, ಹಿಡಿಸೂಡಿಯಲ್ಲಿ ಉಜ್ಜಿ ತೊಳೆಯುವುದು. ಕಪಾಟಿನ ಬದಿಯ ಹಲಗೆ ನೆಲಕ್ಕೆ ತಾಗಿಕೊಂಡಿದ್ದರೆ ಅದು ದೀಪದ ಬತ್ತಿಯ ಹಾಗೆ ನೀರು ಎಳೆಯುತ್ತದೆ. ಸನ್ಮೈಕ ಹಪ್ಪಳದ ಹಾಗೆ ಎದ್ದ ಜಾಗದಲ್ಲಿ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ ನೋಡಿ. ಗಟ್ಟಿ ಇದ್ದರೆ ಸರಿ. ತುದಿ ಸುಲಭವಾಗಿ ಒಳಗೆ ಹೋದರೆ ಎಷ್ಟು ಎತ್ತರದವರೆಗೆ ಹೋಗುತ್ತದೆ ನೋಡಿ ಪೆನ್ಸಿಲಲ್ಲಿ ಗೆರೆ ಹಾಕಿ.

ಎರಡು ಮೂರು ಇಂಚಿನವರೆಗೆ ಮಾತ್ರ ಮೆತ್ತಗಾಗಿದ್ದರೆ ಹೆದರಬೇಡಿ. ಸಾಮಾನ್ಯವಾಗಿ ಕಪಾಟಿನ ಅಡಿ ಹಲಗೆ ನೆಲದಿಂದ ಮೂರು ನಾಲ್ಕು ಇಂಚು ಮೇಲೆ ಇರುತ್ತದೆ, ಬದಿಯ ಹಲಗೆಗಳು ಮಾತ್ರ ನೆಲದವರೆಗೆ ಇಳಿದಿರುತ್ತವೆ. ನಿಮ್ಮದೂ ಹಾಗಿದ್ದರೆ ಆ ಮೂರು ಇಂಚನ್ನು ಸುತ್ತಲೂ ಕತ್ತರಿಸಿ ತೆಗೆಸಿ. ಕತ್ತರಿಸಿದ ಅಂಚಿಗೆ ಎರಡು ಕೋಟ್ ಎನಾಮೆಲ್ ಪೇಂಟ್ ಬಳಿಸಿ. ಅಡಿಗೆ ಮೂರು ಇಂಚಿನ ಕಲ್ಲಿನ ಪಟ್ಟಿ ಕೊಡಿಸಿ. ಎತ್ತರ ಮೊದಲಿನಷ್ಟೇ ಉಳಿಯುತ್ತದೆ, ಬಾಗಿಲು ಮುಟ್ಟಬೇಕಾಗಿಲ್ಲ, ಇನ್ನು ಎಷ್ಟು ನೀರು ಸುರಿದರೂ ತಾಗುವುದು ಕಲ್ಲಿಗೆ. ಆದರೆ ಅಡಿ ಹಲಗೆಯೇ ಮೆತ್ತಗಾಗಿದ್ದರೆ ನಾನು ಮೇಸ್ತ್ರಿಯ ಕಡೆಗೆ ಸೇರುತ್ತೇನೆ. ಪುಡಿಯಾಗುವ ಪೆಟ್ಟಿಗೆಯ ಮೇಲೆ ಕಲ್ಲು ಹೇರಬಾರದು. ಹೊಸತು ಮಾಡಿಸುವುದಾದರೆ ಪ್ಲೈ ಮೇಲೆ ಐಎಸ್ 710 ಎಂಬ ಮುದ್ರೆ ನೋಡಿ ತೆಗೆದುಕೊಳ್ಳಿ, ಅದು ನೀರು ತಾಳುವ ಪ್ಲೈ. ಐಎಸ್ 303 ಎಂದಿದ್ದರೆ ಅದು ಸಾಮಾನ್ಯ ಬಳಕೆಯದ್ದು, ಬಚ್ಚಲಿಗೆ ಅಲ್ಲ. ಹಿಂದೆ ನಾವು ಕಿರಾಲ್‌ಬೋಗಿ, ಹಲಸು ಅಂತ ಮರದಲ್ಲೇ ಮಾಡುತ್ತಿದ್ದೆವು, ಗೆದ್ದಲು ಹತ್ತಿರ ಬರುತ್ತಿರಲಿಲ್ಲ. ಆ ಕಾಲ ಹೋಯಿತು ಬಿಡಿ.

ಈಗ ಮೇಲೆ ನೋಡುವ. ಹಳೆ ಪಿಂಗಾಣಿ ಟಾಪ್ ನಾಲ್ಕು ಅಂಚಿನ ಮೇಲೆ ಕೂತಿತ್ತು. ಅದಕ್ಕೆ ಅಷ್ಟು ಸಾಕು. ಗ್ರಾನೈಟಿಗೆ ಸಾಲದು. 18 ಎಂಎಂ ದಪ್ಪದ ಗ್ರಾನೈಟ್ ಚದರಡಿಗೆ ಸುಮಾರು ನಾಲ್ಕೂವರೆ ಕಿಲೋ ತೂಗುತ್ತದೆ. ಬಲಬದಿಗೆ ಅರ್ಧ ಇಂಚು, ಮುಂದಕ್ಕೆ ಒಂದು ಇಂಚು ಹೊರಚಾಚು ಇಟ್ಟರೆ ನಿಮಗೆ ಬೇಕಾದದ್ದು 36½ ಇಂಚು ಉದ್ದ, 21 ಇಂಚು ಅಗಲದ ತುಂಡು. ಅಂದರೆ ಐದೂಕಾಲು ಚದರಡಿಗಿಂತ ತುಸು ಜಾಸ್ತಿ, 24 ಕಿಲೋ. ಬೇಸಿನ್ನಿನ ತೂತು ಕತ್ತರಿಸಿದ ಮೇಲೆ ಆರೇಳು ಕಿಲೋ ಇಳಿಯುತ್ತದೆ, ಬೇಸಿನ್ ಕೂರಿಸಿದರೆ ಮತ್ತೆ ಅಷ್ಟೇ ಏರುತ್ತದೆ. ಅದರ ಮೇಲೆ ಮಕ್ಕಳು ಕೈಯೂರಿ ಜೋಲುತ್ತಾರೆ. ಜೋಲದ ಮಕ್ಕಳನ್ನು ನಾನು ನೋಡಿಲ್ಲ.

ಹಾಗಾಗಿ ಕಪಾಟಿನ ಮೇಲಂಚಿನಲ್ಲಿ ಹಿಂದೆ ಒಂದು, ಮುಂದೆ ಒಂದು ಅಡ್ಡ ಪಟ್ಟಿ ಕೊಡಿಸಿ. ಮೂರು ಇಂಚು ಅಗಲ ಇರಲಿ, ಪ್ಲೈ ಅದೇ ಜಾತಿಯದ್ದು. ಬೇಸಿನ್ ಬರುವ ಜಾಗದ ಎಡಬಲಕ್ಕೆ ಹಿಂದಿನಿಂದ ಮುಂದಕ್ಕೆ ಇನ್ನೆರಡು. ಎಲ್ಲ ಸ್ಟೀಲ್ ಸ್ಕ್ರೂವಿನಲ್ಲಿ, ಮೊಳೆ ಬೇಡ. ಆಮೇಲೆ ರಸಮಟ್ಟ ಇಟ್ಟು ನೋಡಬೇಕು: ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ. ಎಲ್ಲಿ ತಗ್ಗು ಉಂಟೋ ಅಲ್ಲಿಗೆ ಸನ್ಮೈಕದ ಚಿಕ್ಕ ತುಂಡು ಕೊಟ್ಟು ಸಮ ಮಾಡಬೇಕು. ಬೀಡಿ ಕಟ್ಟಿನ ರಟ್ಟು, ಮರದ ಚೂರು ಸಿಕ್ಕಿಸುವವರಿದ್ದಾರೆ. ಒಂದು ಆಟಿ ತಿಂಗಳ ಮಳೆ ಕಳೆಯುವುದರೊಳಗೆ ಅದು ಕೊಳೆತು ಕಲ್ಲು ಅಲ್ಲಾಡುತ್ತದೆ. ಟಾಪ್ ಯಾವತ್ತೂ ಹಿಂದಕ್ಕೆ ವಾಲಬಾರದು. ವಾಲಿದರೆ ನೀರು ಗೋಡೆಯ ಬುಡದಲ್ಲಿ ನಿಲ್ಲುತ್ತದೆ, ಅಲ್ಲಿಂದಲೇ ಕಪಾಟಿನ ಬೆನ್ನಿಗೆ ಇಳಿಯುತ್ತದೆ.

ಇನ್ನು ಬೌಲ್ ಬೇಸಿನ್. ನಿಮ್ಮ ಆಸೆಗೆ ಅಡ್ಡ ಬರುತ್ತಿದ್ದೇನೆ, ಬೇಸರ ಮಾಡಬೇಡಿ. ಲೆಕ್ಕ ಹಾಕಿ. ಕಪಾಟು 31, ಕಲ್ಲು ಮುಕ್ಕಾಲು, ಬೌಲ್ ಐದೂವರೆ ಅಂತ ಹಿಡಿಯಿರಿ. ಬಾಯಿ 37 ಇಂಚು ದಾಟಿತು. ಬೇಸಿನ್ನಿನ ಬಾಯಿ 32ರಿಂದ 34 ಇಂಚಿನಲ್ಲಿದ್ದರೆ ಹೆಚ್ಚಿನವರಿಗೆ ಅನುಕೂಲ. ನಮ್ಮ ಮನೆಯಲ್ಲೇ ಈ ತಪ್ಪು ಮಾಡಿದ್ದೇನೆ. ಮಗನ ಮದುವೆ ಹೊತ್ತಿಗೆ ಚಂದ ಕಾಣಲಿ ಅಂತ ಬೌಲ್ ಇಟ್ಟೆ. ನನ್ನ ಹೆಂಡತಿ ಐದಡಿಗೂ ಕಮ್ಮಿ. ಮುಖ ತೊಳೆಯಲು ಕೈ ಎತ್ತಿದರೆ ನೀರು ಮೊಣಕೈಗೆ ಇಳಿದು ರವಕೆಯ ತೋಳು ಒದ್ದೆ. "ನಿಮ್ಮ ಬೇಸಿನ್ನಿಗೆ ಒಂದು ಮಣೆ ಮಾಡಿ ಕೊಡಿ, ಹತ್ತಿ ನಿಲ್ಲುತ್ತೇನೆ" ಎಂದಳು. ಎರಡು ವರ್ಷ ನಿಜವಾಗಿಯೂ ಮಣೆ ಇತ್ತು. ಆಮೇಲೆ ಬೌಲ್ ತೆಗೆದೆ.

ನಿಮ್ಮ ಅತ್ತೆಯನ್ನು ಕರೆದು ಆ ಜಾಗದಲ್ಲಿ ನಿಲ್ಲಿಸಿ. ಮೊಣಕೈ ಮಡಚಲು ಹೇಳಿ. ಬೇಸಿನ್ನಿನ ಬಾಯಿ ಮೊಣಕೈಗಿಂತ ಒಂದು ಅಂಗೈ ಅಗಲವಾದರೂ ಕೆಳಗಿರಬೇಕು. ಕಲ್ಲಿನ ಅಡಿಯಿಂದ ಕೂರಿಸುವ ಬೇಸಿನ್ ತೆಗೆದುಕೊಂಡರೆ ಬಾಯಿ 32 ಇಂಚಿನ ಒಳಗೇ ಬರುತ್ತದೆ. ಅವರಿಗೂ ಆಯಿತು, ಮಕ್ಕಳಿಗೂ ಆಯಿತು. ಟಾಪ್ ಮೇಲಿನ ನೀರನ್ನು ಒಂದೇ ಸಲ ಅಂಗೈಯಲ್ಲಿ ಒಳಗೆ ದೂಡಲಿಕ್ಕೂ ಆಗುತ್ತದೆ. ಬೌಲಿನ ಹಿಂದೆ ಕೂದಲು, ಸೋಪಿನ ಜಿಡ್ಡು ಕೂತು ಕೈ ಹೋಗದ ಕಷ್ಟವನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಅಡಿಯ ಬೇಸಿನ್ನಿಗೆ ಒಂದು ಎಚ್ಚರಿಕೆ. ಬರೀ ಅಂಟಿನ ಮೇಲೆ ನೇತಾಡಿಸಬೇಡಿ. ಅಂಟು ಹಾಕಲಿ, ಜೊತೆಗೆ ಬೇಸಿನ್ನಿನ ಎರಡೂ ಬದಿಗೆ ತಾಗುವ ಹಾಗೆ ಕಪಾಟಿನೊಳಗೆ ಅಡ್ಡ ಪಟ್ಟಿಯ ಆಧಾರವೂ ಇರಲಿ. ತುಂಬಿದ ಬೇಸಿನ್ ಒಂದು ದಿನ ಕಾಲ ಮೇಲೆ ಬಿದ್ದರೆ ಅಂಟಿನ ಟ್ಯೂಬು ಮಾರಿದವನು ಬರುವುದಿಲ್ಲ.

ಬೇಸಿನ್ನೂ ನಲ್ಲಿಯೂ ಮನೆಗೆ ಬಂದ ಮೇಲೆಯೇ ಕಲ್ಲು ಕತ್ತರಿಸಲು ಕೊಡಿ. ಫೋಟೋ ತೋರಿಸಿ ಕತ್ತರಿಸಿದ್ದು ಸರಿ ಬಂದದ್ದು ನಾನು ಕಂಡಿಲ್ಲ. ಬೇಸಿನ್ನಿನ ಪೆಟ್ಟಿಗೆಯೊಳಗೆ ತೂತಿನ ಆಕಾರದ ಕಾಗದ ಇರುತ್ತದೆ, ಬಿಸಾಡಬೇಡಿ. ನಲ್ಲಿಯ ತೂತು 35 ಎಂಎಂ. ಅದರ ನಡು ಹಿಂದಿನ ಗೋಡೆಯಿಂದ ಎರಡೂವರೆ ಇಂಚಾದರೂ ಈಚೆ ಇರಬೇಕು. ಇಲ್ಲದಿದ್ದರೆ ಅಡಿಯಿಂದ ನಟ್ಟು ತಿರುಗಿಸಲು ಪಾನಾ ಆಡುವುದಿಲ್ಲ, ಪ್ಲಂಬರ್ ಬೈಯುತ್ತಾ ಅರ್ಧ ಬಿಗಿದು ಹೋಗುತ್ತಾನೆ. ನಲ್ಲಿಯ ಮೂತಿ ಬೇಸಿನ್ನಿನ ಒಳಕ್ಕೆ ಸರಿಯಾಗಿ ಚಾಚುತ್ತದೆಯೇ ಎಂದು ಹಾಗೇ ಹಿಡಿದು ನೋಡಿಕೊಳ್ಳಿ. ಕಲ್ಲಿನ ತೂತಿಗೆ ಚೂಪು ಮೂಲೆ ಬೇಡವೇ ಬೇಡ, ಬಿರುಕು ಹುಟ್ಟುವುದು ಅಲ್ಲಿಂದ. ಒಳ ಅಂಚು ಕಣ್ಣಿಗೆ ಕಾಣುವುದರಿಂದ ಅದಕ್ಕೂ ಪಾಲಿಶ್ ಬೇಕು ಅಂತ ಮೊದಲೇ ಹೇಳಿ. ಕತ್ತರಿಸಿದ ಮೇಲೆ ಹೇಳಿದರೆ ಬೇರೆ ರೇಟು.

ಮತ್ತೊಂದು ಚಿಕ್ಕ ಕೆಲಸ. ಮುಂದಿನ ಅಂಚಿನ ಅಡಿಭಾಗದಲ್ಲಿ, ಅಂಚಿನಿಂದ ಅರ್ಧ ಇಂಚು ಒಳಗೆ, ಉದ್ದಕ್ಕೂ ಒಂದು ತೆಳು ಗೀರು ಹೊಡೆಸಿ. ಕಟ್ಟಿಂಗ್ ಮೆಷಿನ್ನಿನಲ್ಲಿ ಐದು ನಿಮಿಷದ ಕೆಲಸ. ಮೇಲಿನಿಂದ ಇಳಿದ ನೀರು ಕಲ್ಲಿನ ಅಡಿಗೆ ಹರಿದು ಬಾಗಿಲಿನ ನೆತ್ತಿಗೆ ಹೋಗುವ ಬದಲು ಆ ಗೀರಿನಲ್ಲಿ ತಡೆದು ಕೆಳಗೆ ಹನಿಯುತ್ತದೆ. ಕಿಟಕಿ ಮೇಲಿನ ಸಜ್ಜದ ಅಡಿಯಲ್ಲಿ ಮೇಸ್ತ್ರಿಗಳು ಗೆರೆ ಎಳೆಯುತ್ತಾರಲ್ಲ, ಅದೇ ಉಪಾಯ. ಬಚ್ಚಲ ಕಪಾಟಿಗೆ ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ಅಳತೆಯ ವಿಷಯ. "ಅಳತೆ ಹೇಳಿ" ಅಂದರಲ್ಲ ಅಂಗಡಿಯವರು, ಹೇಳಬೇಡಿ. ಕೆಂಪುಕಲ್ಲಿನ ಹಳೆ ಗೋಡೆಗೆ ಸಾರಣೆ ದಪ್ಪ, ಮೇಲೆ ಟೈಲ್ಸ್. ಮೂಲೆಮಟ್ಟ ಇಟ್ಟರೆ ಅರ್ಧ ಇಂಚು ಆಚೀಚೆ ಇದ್ದೇ ಇರುತ್ತದೆ. ಟಿವಿ ಬಂದ ರಟ್ಟಿನ ಪೆಟ್ಟಿಗೆ ಬಿಡಿಸಿ ಕಪಾಟಿನ ಮೇಲೆ ಹಾಸಿ, ಗೋಡೆಗೆ ಸರಿಯಾಗಿ ತಾಗುವ ಹಾಗೆ ಕತ್ತರಿಯಲ್ಲಿ ಕತ್ತರಿಸುತ್ತಾ ಬನ್ನಿ. ಮುಂದಿನ, ಬಲಬದಿಯ ಹೊರಚಾಚನ್ನೂ ಸೇರಿಸಿ. ಮೇಲ್ಮೈ ಯಾವುದು, ಗೋಡೆಯ ಬದಿ ಯಾವುದು ಎಂದು ದಪ್ಪಕ್ಷರದಲ್ಲಿ ಬರೆಯಿರಿ. ತಲೆಕೆಳಗು ಇಟ್ಟು ಕತ್ತರಿಸಿದರೆ ಎಡ ಬಲವಾಗುತ್ತದೆ. ಆ ರಟ್ಟನ್ನೇ ಅಂಗಡಿಗೆ ಕೊಡಿ. ಎರಡೂ ಗೋಡೆಯ ಕಡೆ 3 ಎಂಎಂ ಬಿಟ್ಟು ಕತ್ತರಿಸಲು ಹೇಳಿ. ಆ ಸಂದು ಸಿಲಿಕಾನ್‌ಗೆ, ಅಂದರೆ ಟ್ಯೂಬಿನಲ್ಲಿ ಬರುವ ರಬ್ಬರಿನಂಥ ಅಂಟಿಗೆ.

ಕಲ್ಲಿನ ಆಯ್ಕೆ ಈಗ. ಗ್ರಾನೈಟ್ ಒದ್ದೆಗೆ ಹೆದರುವ ವಸ್ತುವಲ್ಲ. ಕಾರ್ಕಳದ ಗೊಮ್ಮಟ 1432ರಿಂದ ನಮ್ಮ ಮಳೆಯಲ್ಲೇ ನಿಂತಿದ್ದಾನೆ, ಕೊಡೆ ಕೂಡ ಇಲ್ಲದೆ. ಆದರೆ ಕನ್ನಡಿಯಂಥ ಕಪ್ಪು ಬೇಕೇ ಎಂದು ಇನ್ನೊಮ್ಮೆ ಯೋಚಿಸಿ. ನೀರು ಒಣಗಿದ ಬಿಳಿ ಚುಕ್ಕೆ, ಪೇಸ್ಟಿನ ಹನಿ, ಪೌಡರ್ ಎಲ್ಲ ಎದ್ದು ಕಾಣುತ್ತದೆ. ಬೆಳಿಗ್ಗೆ ಶಾಲೆಗೆ ಓಡುವ ಮುಂಚೆ ಅದನ್ನು ಒರೆಸುವುದು ನೀವೇ. ಬೂದಿ ಬಣ್ಣದ, ಚುಕ್ಕೆ ಇರುವ ಕಲ್ಲು ಎಲ್ಲ ಕೊಳೆಯನ್ನೂ ಮುಚ್ಚಿಕೊಳ್ಳುತ್ತದೆ. ಕಪ್ಪೇ ಬೇಕೆಂದರೆ ಬಿಳಿ ಬಟ್ಟೆಗೆ ನೇಲ್ ಪಾಲಿಶ್ ರಿಮೂವರ್ ಹಾಕಿ ಕಲ್ಲಿನ ಮೂಲೆಯಲ್ಲಿ ಉಜ್ಜಿ. ಬಟ್ಟೆ ಕಪ್ಪಾದರೆ ಅದು ಬಣ್ಣ ಹಚ್ಚಿದ ಕಲ್ಲು. ಮತ್ತೆ ಒಂದು ಚೊಂಬು ನೀರು ಸುರಿದು ಒರೆಸಿ, ಒಣಗುವುದನ್ನು ನೋಡುತ್ತಾ ನಿಲ್ಲಿ. ಎಲ್ಲ ಒಣಗಿದ ಮೇಲೂ ಕೂದಲೆಳೆಯಂತೆ ಒಂದು ಒದ್ದೆ ಗೆರೆ ಉಳಿದರೆ ಅಲ್ಲಿ ಸೀಳು ಉಂಟು, ಆ ತುಂಡು ಬೇಡ.

ಇಡೀ ಸ್ಲ್ಯಾಬ್ ಕೊಳ್ಳಬೇಡಿ. ಅಡುಗೆಮನೆ ಕೆಲಸದಲ್ಲಿ ಉಳಿದ ಕಟ್ ಪೀಸುಗಳು ಪ್ರತಿ ಗ್ರಾನೈಟ್ ಅಂಗಡಿಯ ಹಿಂದೆ ಗೋಡೆಗೆ ಒರಗಿಕೊಂಡಿರುತ್ತವೆ. ಐದಾರು ಚದರಡಿಗೆ ಅದೇ ಸಾಕು. ಚೌಕಾಸಿ ಮಾಡಿ, ಅವರಿಗೂ ಜಾಗ ಖಾಲಿ ಆಗಬೇಕು.

ಕೂರಿಸುವ ದಿನ ಮೊದಲು ಆ್ಯಂಗಲ್ ಕಾಕ್, ಅಂದರೆ ಬೇಸಿನ್ ಅಡಿಯಲ್ಲಿ ನೀರು ನಿಲ್ಲಿಸುವ ತಿರುಗಣೆ, ಮುಚ್ಚಿ ನೋಡಿ. ಒಂಬತ್ತು ವರ್ಷ ತಿರುಗಿಸದೆ ಇದ್ದದ್ದು ಗಟ್ಟಿ ಹಿಡಿದಿರುತ್ತದೆ. ಹಾಗಿದ್ದರೆ ಟ್ಯಾಂಕಿನ ವಾಲ್ವ್ ಮುಚ್ಚಿ ಕಾಕನ್ನೇ ಬದಲಿಸಿಬಿಡಿ, ಕಪಾಟು ಬರಿದಾಗಿರುವಾಗಲೇ ಸುಲಭ. ಹಳೆ ಟಾಪಿನ ಸುತ್ತ ಬ್ಲೇಡಿನಲ್ಲಿ ಸಿಲಿಕಾನ್ ಕೊಯ್ದು, ಬೇಸಿನ್ ನೀರು ಹೋಗುವ ಬಾಟಲ್ ಟ್ರ್ಯಾಪಿನ ಅಡಿಗೆ ಬಕೆಟ್ ಇಟ್ಟು ಬಿಚ್ಚಿ, ಇಬ್ಬರು ಸೇರಿ ಎತ್ತಿ. ಸೀಳಿದ ಪಿಂಗಾಣಿ ಕತ್ತಿಯ ಹಾಗೆ, ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ.

ಹೊಸ ಕಲ್ಲನ್ನು ಎಂದಿಗೂ ಮಲಗಿಸಿ ಹೊರಬೇಡಿ, ಗಾಜಿನ ಹಾಗೆ ನಿಲ್ಲಿಸಿ ಹಿಡಿಯಬೇಕು. ಕಿನ್ನಿಗೋಳಿಯಲ್ಲಿ ತಂಗಿಯ ಮನೆಗೆ ಟಾಪ್ ಹಾಕಲು ಹೋದಾಗ ನಾನೂ ನನ್ನ ಹುಡುಗನೂ ಅವಸರಕ್ಕೆ ಮಲಗಿಸಿ ಮೆಟ್ಟಿಲು ಹತ್ತಿಸಿದೆವು. ಬೇಸಿನ್ ತೂತಿನ ಮುಂದೆ ಉಳಿದಿದ್ದದ್ದು ಎರಡೇ ಇಂಚು ಕಲ್ಲು. ಮೂರನೇ ಮೆಟ್ಟಿಲಲ್ಲಿ ಟಕ್ ಎಂದಿತು. ತಂಗಿಯ ಗಂಡ ಪೇಪರ್ ಓದುತ್ತಾ ಕೂತಿದ್ದವರು ತಲೆಯೆತ್ತಿ, "ಒಳ್ಳೇದಾಯ್ತು ಭಾವ, ಈಗ ಎರಡು ಬಚ್ಚಲಿಗಾಯಿತು" ಎಂದರು. ಹೊಸ ಕಲ್ಲಿನ ದುಡ್ಡು ನನ್ನ ಕೈಯದ್ದೇ.

ಮೊದಲು ಅಂಟು ಇಲ್ಲದೆ ಇಟ್ಟು ನೋಡಿ. ನಾಲ್ಕು ಮೂಲೆ ಒತ್ತಿ, ಅಲ್ಲಾಡಬಾರದು. ಸರಿ ಎನಿಸಿದರೆ ಎತ್ತಿ, ಕಪಾಟಿನ ಅಂಚಿನ ಮೇಲೆ ಆರೆಂಟು ಇಂಚಿಗೊಂದರಂತೆ ಸಿಲಿಕಾನ್ ಬೊಟ್ಟು ಇಟ್ಟು ಕೂರಿಸಿ. ಬೊಟ್ಟು ಸಾಕು, ಉದ್ದಕ್ಕೆ ಬಳಿಯಬೇಡಿ. ಮುಂದೆ ಎಂದಾದರೂ ಎತ್ತಬೇಕಾದರೆ ಬ್ಲೇಡು ಆಡಿಸಿ ಎತ್ತಬಹುದು. ಅಂಗಡಿಯಲ್ಲಿ ನ್ಯೂಟ್ರಲ್ ಸಿಲಿಕಾನ್ ಕೇಳಿ. ಮೂಗಿಗೆ ವಿನೆಗರ್ ವಾಸನೆ ಹೊಡೆಯುವ ಜಾತಿ ಗಾಜಿಗೆ ಸರಿ, ಕಲ್ಲಿಗೆ ಅಷ್ಟು ಒಳ್ಳೆಯದಲ್ಲ. ಗೋಡೆಯ ಸಂದಿಗೆ ಬೂಸ್ಟು ತಡೆಯುವ ಬಚ್ಚಲಿನ ಸಿಲಿಕಾನ್ ಬರುತ್ತದೆ, ಅದನ್ನು ಒಂದೇ ಎಳೆಯಾಗಿ ಎಳೆಸಿ. ವೈಟ್ ಸಿಮೆಂಟ್ ಮೆತ್ತಲು ಮೇಸ್ತ್ರಿ ಕೈ ಎತ್ತಿದರೆ ಕೈ ಹಿಡಿಯಿರಿ. ಜೂನ್ ಬರುವಾಗ ಅದು ಕಪ್ಪು, ಜುಲೈಗೆ ಬಿರುಕು. ಒಂದು ದಿನ ಪೂರ್ತಿ ನಲ್ಲಿ ಬಿಡಬೇಡಿ, ಅತ್ತೆಗೆ ಹಿತ್ತಿಲ ನಲ್ಲಿ ತೋರಿಸಿ.

ಮಳೆಗಾಲದಲ್ಲಿ ಮಾಡಬಹುದೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಸಿಲಿಕಾನ್ ಗಟ್ಟಿಯಾಗಲು ಗಾಳಿಯ ತೇವವೇ ಬೇಕು, ಅದಕ್ಕೆ ತೊಂದರೆ ಇಲ್ಲ. ತೊಂದರೆ ಇರುವುದು ಮರಕ್ಕೆ. ಕತ್ತರಿಸಿದ ಒದ್ದೆ ಅಂಚಿಗೆ ಪೇಂಟ್ ಹಚ್ಚಿದರೆ ನೀರನ್ನು ಒಳಗೇ ಕೂಡಿಹಾಕಿದ ಹಾಗೆ. ದೀಪಾವಳಿ ಕಳೆದು ಬಿಸಿಲು ಬಂದ ಮೇಲೆ ಮಾಡಿಸಿ.

ಪ್ರಶ್ನೆ: ನಮ್ಮ ಬೇಸಿನ್ ಟಾಪ್ ಬಿಳಿ ಮಾರ್ಬಲ್. ನಲ್ಲಿಯ ಬುಡದಲ್ಲಿ ಕೆಂಪು ಕಲೆ ಕೂತಿತ್ತು. ಯಜಮಾನರು ಬಚ್ಚಲು ತೊಳೆಯುವ ಆ್ಯಸಿಡ್ ಹಾಕಿ ಉಜ್ಜಿದರು. ಕಲೆ ತಿಳಿಯಾಯಿತು, ಆದರೆ ಕಲ್ಲು ಒರಟಾಗಿದೆ.
– ಸುರತ್ಕಲ್ ಓದುಗರು

ಉತ್ತರ: ಮಾರ್ಬಲ್ ಸುಣ್ಣದ ಜಾತಿಯ ಕಲ್ಲು. ಅದಕ್ಕೆ ನಿಂಬೆಹುಳಿಯೇ ಜಾಸ್ತಿ, ಯಜಮಾನರು ಆ್ಯಸಿಡ್ಡೇ ಹಾಕಿಬಿಟ್ಟರು. ಹೊಳಪು ಹೋದದ್ದು ತೊಳೆದರೆ ಬರುವುದಿಲ್ಲ, ಪಾಲಿಶ್ ಮೆಷಿನ್‌ನವರನ್ನೇ ಕರೆಯಬೇಕು. ಕೆಂಪು ಕಲೆ ಬಾವಿ ನೀರಿನ ಕಬ್ಬಿಣದ್ದಿರಬಹುದು. ನಮ್ಮ ಕೆಂಪುಕಲ್ಲಿನ ನೆಲದಲ್ಲಿ ಅದು ಸಾಮಾನ್ಯ. ಕೊಡದಲ್ಲಿ ರಾತ್ರಿಯಿಡೀ ನೀರು ಇಟ್ಟು ನೋಡಿ. ಸೇದಿದಾಗ ತಿಳಿಯಾಗಿದ್ದು ಬೆಳಿಗ್ಗೆ ತಳದಲ್ಲಿ ಕೆಂಪು ಕೂತಿದ್ದರೆ ಅದೇ. ಮೊದಲು ನಲ್ಲಿ ತೊಟ್ಟಿಕ್ಕುವುದನ್ನು ನಿಲ್ಲಿಸಿ. ಹನಿ ಬೀಳದಿದ್ದರೆ ಕಲೆ ಕೂರುವುದಿಲ್ಲ. ಪಾಲಿಶ್ ಆಮೇಲೆ.

ಪ್ರಶ್ನೆ: ಮಲ್ಪೆಯಲ್ಲಿ ಮನೆ, ಕಡಲಿಗೆ ಹತ್ತಿರ. ಬಚ್ಚಲ ಕಪಾಟಿನ ಹಿಂಜ್‌ಗಳು ವರ್ಷಕ್ಕೊಮ್ಮೆ ತುಕ್ಕು ಹಿಡಿಯುತ್ತವೆ. ಹೊಸ ಕಲ್ಲು ಹಾಕಿಸಿ ಆರು ತಿಂಗಳಲ್ಲಿ ಮತ್ತೆ ಶುರುವಾಗಿದೆ. ಉಪ್ಪುಗಾಳಿಗೆ ಏನು ಮಾಡುವುದು?
– ಮಲ್ಪೆ ಓದುಗರು

ಉತ್ತರ: ಉಪ್ಪುಗಾಳಿ ಅರ್ಧ ಕಾರಣ. ಅಂಗಡಿಗೆ ಹೋಗುವಾಗ ಜೇಬಲ್ಲಿ ಒಂದು ಅಯಸ್ಕಾಂತ ಇಟ್ಟುಕೊಳ್ಳಿ. ಹಿಂಜಿನ ಬಟ್ಟಲಿಗೆ ತಾಗಿಸಿದಾಗ ಗಟ್ಟಿಯಾಗಿ ಅಂಟಿದರೆ ಅದು ಬಣ್ಣ ಕೊಟ್ಟ ಕಬ್ಬಿಣ, ಬೇಡ. ಸುಲಭವಾಗಿ ತುಕ್ಕು ಹಿಡಿಯದ 304 ಜಾತಿಯ ಸ್ಟೇನ್‌ಲೆಸ್ ಸ್ಟೀಲಿನದ್ದು ಕೇಳಿ ತನ್ನಿ, ತಿಂಗಳಿಗೊಮ್ಮೆ ತೆಂಗಿನೆಣ್ಣೆ ಬೇಡ, ಮೆಷಿನ್ ಆಯಿಲ್ ಒಂದು ಹನಿ ಬಿಡಿ. ಉಳಿದರ್ಧ ಕಾರಣ ಕಪಾಟಿನ ಒಳಗೇ ಇರಬಹುದು. ಬಾಗಿಲು ತೆರೆದು ನೋಡಿ, ಟಾಯ್ಲೆಟ್ ತೊಳೆಯುವ ಆ್ಯಸಿಡ್ ಬಾಟಲಿ ಅಲ್ಲೇ ಇಟ್ಟಿದ್ದೀರಾ? ಮುಚ್ಚಳ ಹಾಕಿದ್ದರೂ ಅದರ ಹೊಗೆ ಮೆಲ್ಲ ಹೊರಗೆ ಬರುತ್ತದೆ, ಮುಚ್ಚಿದ ಪೆಟ್ಟಿಗೆಯಲ್ಲಿ ಸುತ್ತಿ ಸುತ್ತಿ ಹಿಂಜನ್ನೇ ತಿನ್ನುತ್ತದೆ. ಇವತ್ತೇ ಅದನ್ನು ಹಿತ್ತಿಲಲ್ಲಿ ಮಕ್ಕಳ ಕೈಗೆ ಸಿಗದ ಜಾಗಕ್ಕೆ ಸಾಗಿಸಿ. ಆಮೇಲೆ ಹಿಂಜ್ ಬದಲಿಸಿ.